ಮುದ್ರೆಯಿಲ್ಲದ ಬಟ್ಟೆ

ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಬೆರಳ ಸಂದಿಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಅಲ್ಲಾಡಬೇಡ, ಬಿಚ್ಚಿಹೋಗುತ್ತೆ,” ಎಂದು ಮಗಳಿಗೆ ಹೇಳಿದೆ. ಹೇಳುತ್ತಲೇ ಕೂದಲನ್ನು ಕೈಬಿಟ್ಟವಳು ನಾನು.

ಅಷ್ಟು ಬೆಳಿಗ್ಗೆ ನಮಗೆ ಫೋನು ಮಾಡುವವರು ಒಬ್ಬರೇ. ಎಳೆಗೂಸುಗಳ ವಾರ್ಡಿನ ಸಿಸ್ಟರ್. ನನ್ನ ಚಿಕ್ಕವನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದಾನೆ.

“ನಿನ್ನೆ ಎಂಥ ಬಟ್ಟೆ ಕಳಿಸಿದ್ದೆ ನೀನು?”

“ದಿನಾ ಕಳಿಸೋದೇ ಸಿಸ್ಟರ್. ಎದೆ ಮೇಲಿಟ್ಟುಕೊಂಡಿದ್ದ ತುಂಡು.”

“ಮೂಸಿ ನೋಡಿದೆ ಕಣಮ್ಮ. ಬರೀ ಸೋಪು. ನಿನ್ನ ವಾಸನೆ ಒಂದಿಷ್ಟೂ ಇಲ್ಲ. ಇವನು ರಾತ್ರಿಯಿಂದ ಒದ್ದಾಡ್ತಾನೇ ಇದಾನೆ. ಮತ್ತೆ ಉಸಿರು ಮರೆತಿದ್ದ. ಅಂಗಾಲು ತಟ್ಟಿ ನೆನಪು ಮಾಡಿದ್ವಿ.”

“ಈಗ?”

“ಈಗ ಪರವಾಗಿಲ್ಲ. ಆದ್ರೆ ದೊಡ್ಡ ಡಾಕ್ಟರೇ ಹೇಳಿದಾರೆ, ಈ ಕೂಸಿಗೆ ಇನ್ನು ಔಷಧಿಗಿಂತ ತಾಯಿ ಎದೆ ಬೇಕು ಅಂತ. ಇವತ್ತಿನಿಂದಲೇ ಎದೆಗೆ ಹಾಕ್ಕೋಬೇಕು. ದಿನಾ, ಗಂಟೆಗಟ್ಟಲೆ. ಬರ್ತೀಯಾ?”

“ಬರ್ತೀನಿ.”

“ಬರ್ತೀನಿ ಬರ್ತೀನಿ ಅಂತಾನೇ ಹೇಳ್ತಿದೀಯ,” ಎಂದು ಸಿಸ್ಟರ್ ನಿಟ್ಟುಸಿರು ಬಿಟ್ಟು ಫೋನು ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮನೆಯವರು ಮಾರುಕಟ್ಟೆಗೆ ಮೂಟೆ ಹೊರಲು ಕತ್ತಲಿರುವಾಗಲೇ ಹೋಗಿದ್ದರು. ಮಗಳನ್ನು ಶಾಲೆಗೆ ಬಿಡಲು ಯಾರೂ ಇಲ್ಲ. ಒಲೆ ಆರಿಸಿದೆ. ಬೇಯುತ್ತಿದ್ದದ್ದು ಅರ್ಧ ಬೆಂದು ಹಾಗೇ ಉಳಿಯಿತು. ಮಗಳ ಕೈ ಹಿಡಿದು ಬೀದಿಗೆ ಇಳಿದೆ. ಒಂದು ಕಡೆ ಜಡೆ, ಒಂದು ಕಡೆ ಬಿಟ್ಟ ಕೂದಲು. ಎದುರು ಮನೆಯವರು ನೋಡಿ ನಕ್ಕರು. ಅವಳು ನಗಲಿಲ್ಲ.

ಅವಳನ್ನು ನಾವು ದೊಡ್ಡವಳು ಎಂದು ಕರೆಯತೊಡಗಿದ್ದು ಈಚೆಗೆ. ಚಿಕ್ಕವನು ಹುಟ್ಟುವ ತನಕ ಅವಳೇ ಮನೆಗೆ ಚಿಕ್ಕವಳು. ಏಳು ತುಂಬಿದೆ. ಮುಂದಿನ ಹಲ್ಲು ಬಿದ್ದಿದೆ. ಏನಾದರೂ ಮನಸ್ಸಿನಲ್ಲಿದ್ದರೆ ಆ ಸಂದಿಗೆ ನಾಲಿಗೆ ತೂರಿಸುತ್ತ ಸುಮ್ಮನಿರುತ್ತಾಳೆ. ಕೆಲವು ದಿನಗಳಿಂದ ಅವಳ ನಾಲಿಗೆ ಆ ಸಂದಿಯಲ್ಲೇ ಇದೆ.

“ಅಮ್ಮಾ.”

“ಏನೇ?”

“ಏನಿಲ್ಲ.”

ನಾನು ಕೆಲಸ ಮಾಡುವುದೂ ಅದೇ ಆಸ್ಪತ್ರೆಯಲ್ಲಿ. ಹಿಂಭಾಗದಲ್ಲಿ, ಜನರೇಟರಿನ ಪಕ್ಕ, ತಗಡಿನ ಸೂರಿನ ಲಾಂಡ್ರಿ. ಆಸ್ಪತ್ರೆಯ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಅಂಗಿ, ಎಲ್ಲ ಅಲ್ಲಿಗೆ ಬರುತ್ತವೆ. ರಕ್ತ, ಕೀವು, ವಾಂತಿ, ಎಲ್ಲದರ ಸಮೇತ ಬರುತ್ತವೆ. ನಾವು ಹೆಂಗಸರು ನೆನೆಸುತ್ತೇವೆ, ಕುದಿಸುತ್ತೇವೆ, ಹಿಂಡುತ್ತೇವೆ, ಒಣಗಿಸುತ್ತೇವೆ, ಇಸ್ತ್ರಿ ಮಾಡುತ್ತೇವೆ. ಹೋಗುವಾಗ ಯಾವ ಬಟ್ಟೆಗೂ ಯಾವ ವಾಸನೆಯೂ ಇರಬಾರದು. ಅದು ನಮ್ಮ ಕೆಲಸ.

ಪ್ರತಿ ಬಟ್ಟೆಯ ಮೂಲೆಗೂ ಒಂದು ನೀಲಿ ಮುದ್ರೆ ಇರುತ್ತದೆ. ಗುಂಡಗೆ, ಒಳಗೆ ಆಸ್ಪತ್ರೆಯ ಗುರುತು. ಮುದ್ರೆ ಮಾಸಿದ್ದರೆ ಮತ್ತೆ ಒತ್ತುತ್ತೇವೆ. ರೋಗಿಗಳ ಸ್ವಂತ ಬಟ್ಟೆ ಒಮ್ಮೊಮ್ಮೆ ಸೇರಿಕೊಂಡು ಬರುವುದುಂಟು. ಯಾರದೋ ಟವೆಲ್, ಯಾವುದೋ ಮಗುವಿನ ಲಂಗ. ಅವನ್ನು ಬಾಗಿಲ ಹತ್ತಿರದ ಬುಟ್ಟಿಗೆ ಹಾಕುತ್ತೇವೆ. ಯಾರೂ ಕೇಳಿಕೊಂಡು ಬಾರದಿದ್ದರೆ ನೆಲ ಒರೆಸುವುದಕ್ಕೆ ಆಗುತ್ತದೆ.

ಶಾಲೆ ಬಿಟ್ಟ ಮೇಲೆ ದೊಡ್ಡವಳು ಅಲ್ಲಿಗೇ ಬರುತ್ತಾಳೆ. ಬಟ್ಟೆ ಮಡಿಸುವ ಮೇಜಿನ ತುದಿಗೆ ಕೂತು ಮುದ್ರೆ ಹುಡುಕುವುದು ಅವಳ ಆಟ. “ಇದು ಇವರದು. ಇದು ಇವರದು. ಇದೂ ಇವರದೇ. ಇದು ಯಾರದೋ.” ಮುದ್ರೆ ಇದ್ದದ್ದು ಆಸ್ಪತ್ರೆಯದು, ಇಲ್ಲದ್ದು ಯಾರದೋ ಮನೆಯದು ಎಂದು ಹೇಳಿಕೊಟ್ಟವಳು ನಾನೇ. ಆಟಕ್ಕೆ ಹೇಳಿಕೊಟ್ಟಿದ್ದೆ.

ಚಿಕ್ಕವನು ಬಂದದ್ದು ದಿನ ತುಂಬುವುದಕ್ಕೆ ಎರಡೂವರೆ ತಿಂಗಳ ಮೊದಲು. ಒದ್ದೆ ಹಾಸುಗಳನ್ನು ತೊಟ್ಟಿಯಿಂದ ಎತ್ತುತ್ತಿದ್ದೆ. ಸೊಂಟದಲ್ಲಿ ಏನೋ ಜಾರಿದ ಹಾಗಾಯಿತು. ಜೊತೆಯ ಹೆಂಗಸರು ನನ್ನನ್ನು ಬಟ್ಟೆಯ ಗಾಡಿಯಲ್ಲಿ ಮಲಗಿಸಿ, ಇಳಿಜಾರು ದಾರಿಯಲ್ಲಿ ಮೇಲಕ್ಕೆ ತಳ್ಳಿಕೊಂಡು ಓಡಿದರು. ಒಗೆದ ಬಟ್ಟೆಯ ಮೇಲೆ ಮಲಗಿ ಹೋದೆ. ಅಷ್ಟು ನೋವಿನಲ್ಲೂ, ಅಯ್ಯೋ ಇವನ್ನೆಲ್ಲ ಮತ್ತೆ ಒಗೆಯಬೇಕಲ್ಲ ಅಂದುಕೊಂಡೆ.

ಮನೆಯವರು ಅವನನ್ನು ಗಾಜಿನಾಚೆಯಿಂದ ನೋಡಿ ಬಂದರು. ಮಗಳು ಎಷ್ಟಿದಾನೆ ಎಂದು ಕೇಳಿದಳು. ಅವರು ಎರಡು ಕೈ ಜೋಡಿಸಿ ಬೊಗಸೆ ಮಾಡಿ ತೋರಿಸಿದರು. ಮೂಟೆ ಹೊತ್ತು ಕಾಯಿಕಟ್ಟಿದ ಕೈ.

“ಇಷ್ಟೇ?”

“ಇಷ್ಟೇ. ಜೀವಮಾನ ಪೂರ್ತಿ ಭಾರ ಹೊತ್ತೆ ಅಂತ ದೇವರು ಹಗುರವಾಗಿರೋದೊಂದು ಕೊಟ್ಟಿದಾನೆ,” ಎಂದರು. ಆಮೇಲೆ ಗೋಡೆ ಕಡೆ ತಿರುಗಿ ಕೂತರು. ಅವತ್ತಿನಿಂದ ಅವನ ಹೆಸರು ಬೊಗಸೆ.

ನಮ್ಮ ಮೇಸ್ತ್ರಿಗೂ ಒಂದು ಹೆಸರಿದೆ. ಹೆಂಗಸರು ಇಟ್ಟದ್ದು. ಆಮೇಲಪ್ಪ. ಏನು ಕೇಳಿದರೂ “ಆಮೇಲೆ ನೋಡೋಣ” ಅನ್ನುತ್ತಾರೆ. ಲಾಂಡ್ರಿ ಆಸ್ಪತ್ರೆಯೊಳಗೇ ಇದ್ದರೂ ನಾವು ಆಸ್ಪತ್ರೆಯವರಲ್ಲ. ಕಂಟ್ರಾಕ್ಟರಿನ ಆಳುಗಳು. ಕಂಟ್ರಾಕ್ಟರನ್ನು ನಾವು ಯಾರೂ ನೋಡಿಲ್ಲ. ನಮ್ಮ ಪಾಲಿಗೆ ಆಮೇಲಪ್ಪನೇ ಎಲ್ಲ.

ಹೆರಿಗೆಯಾದ ವಾರದಲ್ಲಿ ಅವರು ಮನೆಯ ತನಕ ಬಂದಿದ್ದರು. ಹಣ್ಣು ತಂದಿದ್ದರು. ನೆಲದ ಮೇಲೆ ಕೂತು ಮೆತ್ತಗೆ ಮಾತಾಡಿದ್ದರು.

“ನೋಡಮ್ಮ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ಮಗು ಗಾಜಿನ ಪೆಟ್ಟಿಗೆಯಲ್ಲಿದೆ. ನೋಡ್ಕೊಳ್ಳೋಕೆ ನರ್ಸುಗಳಿದಾರೆ. ನೀನು ಈಗ ರಜೆ ಹಾಕಿ ಮನೇಲಿ ಕೂತು ಯಾರಿಗೆ ಜೋಗುಳ ಹಾಡ್ತೀಯ? ಈಗ ಕೆಲಸಕ್ಕೆ ಬಾ. ಮಗು ಮನೆಗೆ ಬರ್ಲಿ, ಆಮೇಲೆ ಪೂರ್ತಿ ರಜೆ ತಗೊಂಡು ಮುದ್ದು ಮಾಡು. ನಿನ್ನ ರಜೆ ಎಲ್ಲೂ ಓಡಿಹೋಗಲ್ಲ.”

ಸರಿ ಅನ್ನಿಸಿತು. ಇವರಿಗೂ ಕರುಳಿದೆ ಅನ್ನಿಸಿತು. ಹೊಲಿಗೆ ಮಾಯುವ ಮೊದಲೇ ತೊಟ್ಟಿಯ ಹತ್ತಿರ ನಿಂತೆ. ಕೆಲಸದ ನಡುವೆ ಹಾಲು ಉಕ್ಕಿ ಅಂಗಿ ನೆನೆಯುತ್ತಿತ್ತು. ಬೇಡದ ಹೊತ್ತಿನಲ್ಲಿ ಉಕ್ಕುತ್ತಿತ್ತು. ಮೇಲಿನ ಮಹಡಿಯಲ್ಲಿ ಯಾವ ಕೂಸು ಅತ್ತರೂ ಉಕ್ಕುತ್ತಿತ್ತು. ಊಟದ ಬಿಡುವಿನಲ್ಲಿ ಹಿಂಡಿ ಬಟ್ಟಲಲ್ಲಿ ಕಳಿಸುತ್ತಿದ್ದೆ. ನಳಿಗೆಯಲ್ಲಿ ಹನಿಹನಿಯಾಗಿ ಕೊಡುತ್ತಾರಂತೆ.

ಆಸ್ಪತ್ರೆಯವರು ಹೊಸ ಕೋಣೆ ತೆರೆದದ್ದು ಆ ದಿನಗಳಲ್ಲೇ. ಒರಗಿ ಕೂರುವ ಮೆತ್ತನೆಯ ಕುರ್ಚಿಗಳು, ಮಂದ ಬೆಳಕು. ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ತಾಯಿ ಬರಿ ಎದೆಯ ಮೇಲೆ ಹಾಕಿಕೊಂಡು ಕೂರುವ ಕೋಣೆ. ಹಾಗೆ ಕೂತರೆ ಕೂಸಿನ ಮೈಬಿಸಿ ತಪ್ಪುವುದಿಲ್ಲ, ಉಸಿರು ಮರೆಯುವುದು ಕಡಿಮೆಯಾಗುತ್ತದೆ, ತೂಕ ಬೇಗ ಏರುತ್ತದೆ ಎಂದು ಸಿಸ್ಟರ್ ಹೇಳಿದರು. ಹೊಟ್ಟೆಯೊಳಗೆ ಕೇಳುತ್ತಿದ್ದ ಎದೆಬಡಿತ ಮತ್ತೆ ಕೇಳುತ್ತದಲ್ಲ, ಅದಕ್ಕೆ ಮನೆ ಸಿಕ್ಕಿದ ಹಾಗೆ ಅಂದರು.

ಕೋಣೆ ತೆರೆದ ದಿನ ಫೋಟೋ ತೆಗೆಯಬೇಕಿತ್ತು. ಅಲ್ಲಿದ್ದ ಬೇರೆ ತಾಯಂದಿರು ಒಲ್ಲೆ ಎಂದರಂತೆ. ಕೆಳಗಿನಿಂದ ನನ್ನನ್ನು ಕರೆಸಿದರು. ದೊಡ್ಡ ಡಾಕ್ಟರು ಕೇಳಿದ್ದರಿಂದ ಆಮೇಲಪ್ಪ ನಗುನಗುತ್ತ ಕಳಿಸಿಕೊಟ್ಟರು.

ಸಿಸ್ಟರ್ ಬೊಗಸೆಯನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದರು. ತೂಕವೇ ಇಲ್ಲ. ಬಿಸಿ ಇಸ್ತ್ರಿ ಮಾಡಿದ ಚಿಕ್ಕ ಬಟ್ಟೆಯನ್ನು ಎದೆಗೆ ಒತ್ತಿಕೊಂಡ ಹಾಗೆ. ಬೆನ್ನಿಗೆ ಅಂಗೈ ಇಟ್ಟರೆ ಬೆನ್ನು ಪೂರ್ತಿ ಮುಚ್ಚಿಹೋಯಿತು. ಅವನು ಕೈಕಾಲು ಆಡಿಸಿದ, ಮೂಗಿನಿಂದ ಹುಡುಕಿದ, ಒರಗಿದ. ಅಷ್ಟು ಹೊತ್ತು ಕಿರುಚುತ್ತಿದ್ದ, ಅವನ ಉಸಿರು ಕಾಯುವ ಯಂತ್ರ ಸುಮ್ಮನಾಯಿತು. ನನಗೂ ಅವನಿಗೂ ಒಂದೇ ಉಸಿರಿದ್ದ ಹಾಗಿತ್ತು.

“ಸ್ವಲ್ಪ ಕತ್ತೆತ್ತಮ್ಮ. ನಗು,” ಅಂದ ಫೋಟೋದವನು.

ನಗಬೇಕೆಂದು ನಕ್ಕದ್ದಲ್ಲ. ಆದರೂ ಫೋಟೋದಲ್ಲಿ ನಕ್ಕಿದ್ದೇನೆ. ಆಮೇಲೆ, ಆಯಿತು, ಕೊಡಿ ಎಂದರು. ಅವನು ಆಗಷ್ಟೇ ನಿದ್ದೆಗೆ ಇಳಿದಿದ್ದ. ಅವನ ಬೆರಳು ನನ್ನ ಅಂಗಿಯ ಅಂಚನ್ನು ಹಿಡಿದಿತ್ತು. ಬಿಡಿಸಬೇಕಾಯಿತು.

ಆ ಫೋಟೋ ಈಗ ಆಸ್ಪತ್ರೆಯ ದೊಡ್ಡ ಬಾಗಿಲ ಮೇಲಿದೆ. ಆಳೆತ್ತರದ ಬೋರ್ಡು. ತಾಯಿಯ ಎದೆಯೇ ಕೂಸಿನ ಮೊದಲ ಮನೆ ಎಂದು ಬರೆದಿದೆ. ಆ ಮನೆಗೆ ಅವನು ಮತ್ತೆ ಬಂದಿಲ್ಲ. ಕೋಣೆ ತೆರೆಯುವುದು ನನ್ನ ಕೆಲಸ ಶುರುವಾದ ಮೇಲೆ. ಬೀಗ ಬೀಳುವುದು ನನ್ನ ಕೆಲಸ ಮುಗಿಯುವ ಮೊದಲು. ವಾರದ ರಜೆಯ ದಿನ ಆ ಕೋಣೆಗೂ ರಜೆ. ಸಂಜೆ ಗಾಜಿನಾಚೆಯಿಂದ ನೋಡಬಹುದು. ಆಸ್ಪತ್ರೆಯವರನ್ನು ಕೇಳಿದರೆ, ಕೆಲಸದಿಂದ ಬಿಡಿಸಿಕೊಂಡು ಬಾ ಎನ್ನುತ್ತಾರೆ. ಮೇಸ್ತ್ರಿಯನ್ನು ಕೇಳಿದರೆ, ಕೋಣೆಯ ಹೊತ್ತು ಬದಲಿಸೋಕೆ ಅವರಿಗೆ ಹೇಳು ಎನ್ನುತ್ತಾರೆ.

ಆಗ ಸಿಸ್ಟರ್ ಒಂದು ಉಪಾಯ ಹೇಳಿದರು. ಮೆತ್ತನೆಯ ಬಟ್ಟೆಯ ತುಂಡೊಂದನ್ನು ಇಡೀ ದಿನ ಎದೆಗೆ ತಾಗಿ ಇಟ್ಟುಕೋ. ಅದನ್ನು ಅವನ ಪಕ್ಕ ಇಡ್ತೀನಿ. ಕೂಸಿಗೆ ಕಣ್ಣಿಗಿಂತ ಮೂಗು ಚುರುಕು, ಅಮ್ಮ ಹತ್ತಿರದಲ್ಲೇ ಇದಾಳೆ ಅಂದ್ಕೊಳ್ತಾನೆ ಅಂದರು. ನನ್ನ ಹಳೆಯ ನಿಲುವಂಗಿ ಹರಿದೆ. ಬಿಳಿ ಹತ್ತಿಯ ಮೇಲೆ ಸಣ್ಣ ಹಸಿರು ಎಲೆ. ದೊಡ್ಡವಳು ಎಳೆಯವಳಿದ್ದಾಗ ಆ ನಿಲುವಂಗಿಯ ತುದಿ ಹಿಡಿದುಕೊಂಡೇ ಮಲಗುತ್ತಿದ್ದಳು.

ಎರಡು ತುಂಡು ಮಾಡಿದ್ದೆ. ಒಂದು ನನ್ನ ಎದೆಯ ಮೇಲೆ, ಒಂದು ಅವನ ಪಕ್ಕ. ದಿನಾ ಅದಲು ಬದಲು. ವಾರ್ಡಿನ ಚಿಕ್ಕ ಹಾಸುಗಳ ಗಾಡಿಯಲ್ಲಿ ಒಂದು ಮೇಲೆ ಹೋಗುತ್ತಿತ್ತು, ಒಂದು ಕೆಳಗೆ ಬರುತ್ತಿತ್ತು. ಬಂದದ್ದನ್ನು ಮೂಸುತ್ತಿದ್ದೆ. ಔಷಧಿಯ ಘಾಟಿನ ಕೆಳಗೆ ಇಷ್ಟೇ ಇಷ್ಟು ಅವನು. ದಿನವಿಡೀ ವಾಸನೆ ತೊಳೆಯುವವಳು ನಾನು. ಆ ಒಂದು ತುಂಡನ್ನು ಮಾತ್ರ ನೀರಿಗೆ ತೋರಿಸುತ್ತಿರಲಿಲ್ಲ.

ಆಸ್ಪತ್ರೆ ಬಾಗಿಲಿಗೆ ಬಂದಾಗ ದೊಡ್ಡವಳು ನಿಂತಳು. ದಿನಾ ನಿಲ್ಲುವ ಜಾಗ. ಬೋರ್ಡಿನ ಕೆಳಗೆ. ಕತ್ತೆತ್ತಿ ನೋಡಿದಳು. ಅಮ್ಮ ನಗುತ್ತಿದ್ದಾಳೆ. ಬೊಗಸೆಯ ತಲೆಗೆ ಟೋಪಿ, ಟೋಪಿಯ ಮೇಲೆ ನೀಲಿ ಮುದ್ರೆ. ಹೊದಿಕೆಯ ಮೇಲೆ ನೀಲಿ ಮುದ್ರೆ. ಅವನ ಮುಖ ಅವಳು ನೋಡಿರುವುದು ಅಲ್ಲಿ ಮಾತ್ರ. ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ.

“ಅಮ್ಮಾ.”

“ನಡಿಯೇ, ಹೊತ್ತಾಯ್ತು. ಏನು?”

“ಏನಿಲ್ಲ.”

ಮೇಲೆ ಹೋಗುವ ಇಳಿಜಾರಿನ ಬುಡದಲ್ಲೇ ಲಾಂಡ್ರಿಯ ಬಾಗಿಲು. ಆಮೇಲಪ್ಪ ಅಲ್ಲಿ ನಿಂತು ಕಡ್ಡಿಯಲ್ಲಿ ಹಲ್ಲು ಕೆದಕುತ್ತಿದ್ದರು.

“ಎಲ್ಲಿಗೆ ಸವಾರಿ?”

“ಮೇಲಕ್ಕೆ ಮೇಸ್ತ್ರಿ. ಮಗು ಉಸಿರು ಮರೀತಿದೆಯಂತೆ. ಸಿಸ್ಟರ್ ಕರೆದಿದಾರೆ.”

“ಈಗ ಹೆಂಗಿದೆ?”

“ಈಗ ಪರವಾಗಿಲ್ಲ ಅಂದ್ರು. ಆದ್ರೆ…”

“ಪರವಾಗಿಲ್ಲ ಅಂದ್ರಲ್ಲ. ಇವತ್ತು ಹೊರಗಿನಿಂದ ದೊಡ್ಡ ಮನುಷ್ಯರು ಬರ್ತಿದಾರೆ, ಆ ಕೋಣೆ ನೋಡೋಕೆ. ಚಿಕ್ಕ ಹಾಸು ಅಷ್ಟೂ ಇಸ್ತ್ರಿಯಾಗಿ ಮೇಲೆ ಹೋಗ್ಬೇಕು. ಮೊದಲು ಅದು. ಆಮೇಲೆ ನೋಡೋಣ.”

ಅವರು ನನ್ನನ್ನು ಒಳಗೆ ದಬ್ಬಲಿಲ್ಲ. ದಾರಿಗೆ ಅಡ್ಡ ನಿಂತರು ಅಷ್ಟೇ. ಕಾಲು ತಾನಾಗಿ ಲಾಂಡ್ರಿಯೊಳಗೆ ನಡೆಯಿತು. ಕಾಲಿಗೆ ಅಭ್ಯಾಸ.

ಒಳಗೆ ಆವಿ ತುಂಬಿತ್ತು. ಬಾಯ್ಲರಿನ ಹತ್ತಿರ ಕೆಲಸ ಮಾಡುವ ಅಜ್ಜಿ ನನ್ನ ಮುಖ ನೋಡಿ ಕೋಲು ಕೆಳಗಿಟ್ಟಳು. ನಮ್ಮಲ್ಲಿ ಎಲ್ಲರಿಗಿಂತ ಹಳಬಳು. ಅವಳನ್ನು ಬಾಯ್ಲರಜ್ಜಿ ಅನ್ನುತ್ತೇವೆ.

“ಯಾಕೇ, ಹೆಣ ನೋಡಿದೋಳ ಥರ ಇದೀಯ?”

“ಅಜ್ಜಿ, ನಿನ್ನೆ ಗಾಡಿ ತುಂಬಿದ್ದು ಯಾರು? ನನ್ನ ತುಂಡು ಬಟ್ಟೆ ಮೇಲೆ ಹೋದಾಗ ಬರೀ ಸೋಪಿನ ವಾಸನೆ ಇತ್ತಂತೆ.”

ಅಜ್ಜಿಯ ಮುಖ ಅರಳಿತು. “ನಾನೇ ಕಣೇ ತುಂಬಿದ್ದು. ನೋಡ್ತೀನಿ, ಕೂಸಿಗೆ ಹೋಗೋ ಬಟ್ಟೆ ಮೇಲೆ ಇಷ್ಟಗಲ ಹಾಲಿನ ಕಲೆ. ಪಾಪ, ಇವಳಿಗೆ ಪುರುಸೊತ್ತಿಲ್ಲ, ಕೊಳೆ ಬಟ್ಟೇನೇ ಕಳಿಸ್ತಿದಾಳೆ ಅಂದ್ಕೊಂಡೆ. ಎರಡು ನೀರಲ್ಲಿ ಕುದಿಸ್ದೆ. ಮುಟ್ಟಿದ್ರೆ ಬೆಣ್ಣೆ ಹಾಗಿರ್ಬೇಕು ಅಂತ ನಾನೇ ಇಸ್ತ್ರಿ ಮಾಡ್ದೆ. ಮುದ್ರೆ ಇರ್ಲಿಲ್ಲ ನೋಡು, ಯಾರಾದ್ರೂ ಬುಟ್ಟಿಗೆ ಎಸೆದುಬಿಟ್ಟಾರು ಅಂತ ಒಂದು ಮುದ್ರೇನೂ ಒತ್ತಿದೆ.”

ನಾನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಅಳು ಬರುತ್ತದೆ ಅಂದುಕೊಂಡೆ. ನಗು ಬಂತು. ನಿಲ್ಲಿಸಲಾಗದ ನಗು. ಮಗಳು ಹೆದರಿ ನನ್ನ ಭುಜ ಹಿಡಿದಳು.

“ಏನಾಯ್ತೇ? ಏನು ತಪ್ಪು ಮಾಡ್ದೆ?”

ಹೇಳಿದೆ. ಆ ಕಲೆಯೇ ಬೇಕಾಗಿತ್ತು ಎಂದೆ. ಆ ಬೆವರು, ಆ ಹುಳಿ ಹಾಲಿನ ವಾಸನೆ, ಅದೇ ಅವನಿಗೆ ಅಮ್ಮ ಎಂದೆ. ಇಸ್ತ್ರಿ ಮಾಡುವವಳು, ಮಡಿಸುವವರು, ಹಿಂಡುವವರು ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು.

ಬಾಯ್ಲರಜ್ಜಿ ಒದ್ದೆ ಕೈಯನ್ನು ಒರೆಸಿಕೊಳ್ಳಲೂ ತೋಚದೆ ಹಾಗೇ ಗಾಳಿಯಲ್ಲಿ ಹಿಡಿದಿದ್ದಳು. “ಜೀವಮಾನ ಪೂರ್ತಿ ವಾಸನೆ ತೆಗೆದೆ ಕಣೇ,” ಎಂದಳು. “ಒಂದು ವಾಸನೆ ಉಳಿಸ್ಬೇಕು ಅಂತ ಯಾರೂ ಹೇಳ್ಕೊಡ್ಲಿಲ್ಲ.”

“ನಿಂದೇನೂ ತಪ್ಪಿಲ್ಲ ಅಜ್ಜಿ.”

“ತಪ್ಪಿದೆಯೋ ಇಲ್ಲವೋ, ಕೂಸು ಒದ್ದಾಡಿದ್ದು ನನ್ನಿಂದ.” ಕೆಳಗಿಟ್ಟ ಕೋಲನ್ನು ಕಾಲಿಂದ ಬದಿಗೆ ಸರಿಸಿದಳು. “ಅಲ್ಲ, ಈ ಬಟ್ಟೆ ಗಿಟ್ಟೆ ಎಲ್ಲ ಯಾಕೆ? ಬಟ್ಟೆ ಬದಲು ನೀನೇ ಹೋಗಿ ಕೂತ್ಕೋಬಾರ್ದಾ?”

“ಬಿಡಬೇಕಲ್ಲ.”

ಎಲ್ಲರೂ ಬಾಗಿಲ ಕಡೆ ನೋಡಿದರು. ಆಮೇಲಪ್ಪ ಒಳಗೆ ಬಂದಿದ್ದರು. “ಏನಿದು, ಜಾತ್ರೆನಾ? ಹೊರಡಿ ಹೊರಡಿ, ಹಾಸು ಕಾಯ್ತಿದೆ.”

ನಾನು ಎದ್ದು ನಿಂತೆ. ಏನು ಹೇಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. “ಮೇಸ್ತ್ರಿ, ನನ್ನ ಹೆರಿಗೆ ರಜೆ ಇವತ್ತಿನಿಂದ ಕೊಡಿ. ಮಗು ಮನೆಗೆ ಬರೋ ತನಕ ಕಾಯೋಕಾಗಲ್ಲ. ಮಗೂಗೆ ಈಗಲೇ ಬೇಕು.”

“ಆಮೇಲೆ ಮಾತಾಡೋಣ.”

“ಈಗಲೇ ಮಾತಾಡೋಣ.”

ಅವರು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಮೆತ್ತಗಿನ ದನಿ ಹೋಗಿತ್ತು. “ಯಾವ ರಜೆ? ರಜೆ ಹೆರಿಗೆ ದಿನದಿಂದಲೇ ಓಡ್ತಿದೆ. ಕಂಟ್ರಾಕ್ಟರು ಹಾಗೇ ತೋರಿಸಿದಾರೆ. ಮುಗೀತಾ ಬಂತು.”

“ನಾನು ದಿನಾ ಕೆಲಸಕ್ಕೆ ಬಂದಿದೀನಲ್ಲ?”

“ಬಂದಿದೀಯ, ಯಾರು ಇಲ್ಲ ಅಂದ್ರು? ಬದಲಿ ಆಳಾಗಿ ಬಂದಿದೀಯ.”

“ಬದಲಿ ಆಳಾ? ಯಾರ ಬದಲಿಗೆ?”

ಅವರು ಕತ್ತು ಕೆರೆದುಕೊಂಡರು. “ನಿನ್ನ ಬದಲಿಗೆ.”

ಯಾರಿಗೂ ತಕ್ಷಣ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ, ಬಟ್ಟೆ ನೀರು ಹೀರಿದ ಹಾಗೆ, ಒಳಗಿಳಿಯಿತು. ಕಂಟ್ರಾಕ್ಟರ ಲೆಕ್ಕದಲ್ಲಿ ನಾನು ಇಷ್ಟು ದಿನ ಮಗುವಿನ ಹತ್ತಿರ ಇದ್ದೆ. ಮಗುವಿನ ಹತ್ತಿರ ಇದ್ದವಳ ಜಾಗದಲ್ಲಿ ತೊಟ್ಟಿಯ ಹತ್ತಿರ ನಿಂತದ್ದೂ ನಾನೇ. ನನ್ನ ಜಾಗಕ್ಕೆ ನಾನೇ ಬದಲಿ.

“ಮಗು ಬಂದ ಮೇಲೆ ತಗೋ ಅಂದಿದ್ರಿ. ನಮ್ಮನೆ ನೆಲದ ಮೇಲೆ ಕೂತು ಅಂದಿದ್ರಿ. ಎಲ್ಲೂ ಓಡಿಹೋಗಲ್ಲ ಅಂದಿದ್ರಿ.”

“ಮೇಲಿನವರು ಹೇಳಿದ್ದನ್ನ ನಾನು ಹೇಳ್ದೆ. ನನಗೇನು ಗೊತ್ತು?”

ಇಸ್ತ್ರಿಯವಳು ಮುಂದೆ ಬಂದಳು. ಮಾತು ಕಡಿಮೆ ಅವಳದು. ಅವಳಿಗೆ ಮೂರು ಮಕ್ಕಳು. “ನನ್ನ ಎರಡನೇ ಹೆರಿಗೇಲೂ ಹೀಗೇ ಹೇಳಿದ್ರಲ್ಲ ಮೇಸ್ತ್ರಿ. ಜ್ವರದ ಸೀಸನ್ ಮುಗೀಲಿ, ಆಮೇಲೆ ತಗೋ ಅಂತ. ಆಮೇಲೆ ಕೇಳಿದ್ರೆ ಆಗೋಯ್ತು ಅಂದ್ರಿ. ಆಗ ನನಗೂ ನಾನೇ ಬದಲಿ ಆಗಿದ್ನಾ?”

ಮೇಸ್ತ್ರಿ ಅಂಗಿಯ ಗುಂಡಿ ತಿರುವತೊಡಗಿದರು.

“ನಂದು?” ಎಂದಳು ಮಡಿಸುವವಳೊಬ್ಬಳು.

“ನಂದೂ ಹಾಗೇ ಇರ್ಬೇಕು,” ಎಂದಳು ಇನ್ನೊಬ್ಬಳು. ಅವಳ ಮಗನಿಗೆ ಈಗ ಮೀಸೆ ಬಂದಿದೆ.

ಬಾಯ್ಲರಜ್ಜಿ ಸೊಂಟದ ಮೇಲೆ ಕೈಯಿಟ್ಟಳು. “ಒಂದು ಮಾತು ಹೇಳಿ ಮೇಸ್ತ್ರಿ. ಈ ಹೊತ್ತಿನಲ್ಲಿ ಇವಳು ರಜೆಯಲ್ಲಿದಾಳೆ, ಅಲ್ವಾ?”

“ಹೂಂ. ಲೆಕ್ಕಕ್ಕೆ.”

“ಲೆಕ್ಕಕ್ಕೇ ಇರ್ಲಿ. ರಜೆಯಲ್ಲಿರೋಳು ಮಗು ನೋಡೋಕೆ ಹೋದ್ರೆ ತಡೆಯೋಕೆ ನೀವ್ಯಾರು?”

“ಬದಲಿ ಆಳು ಹೋಗೋ ಹಾಗಿಲ್ಲ.”

“ಸರಿ ಹಾಗಾದ್ರೆ. ಬದಲಿ ಆಳು ಇಲ್ಲೇ ಬಟ್ಟೆ ಹಿಂಡ್ತಿರ್ಲಿ, ತಾಯಿ ಮೇಲೆ ಹೋಗ್ಲಿ. ಹಿಡ್ಕೊಳ್ಳಿ ನಿಮ್ಮ ಬದಲಿ ಆಳನ್ನ, ಎಲ್ಲಿದಾಳೋ ಹುಡುಕಿ.” ನನ್ನ ಕಡೆ ತಿರುಗಿದಳು. “ಏಯ್, ನಡಿಯೇ.”

ಯಾರೋ ಕಿಸಕ್ಕನೆ ನಕ್ಕರು. ಆಮೇಲಪ್ಪನ ಮುಖ ಕೆಂಪಾಯಿತು. “ಇವಳು ಈ ಬಾಗಿಲು ದಾಟಿದ್ರೆ ನಾಳೆ ಬರೋದು ಬೇಡ. ಇವಳ ಜೊತೆ ಹೋದೋಳೂ ಬರೋದು ಬೇಡ.”

ಒಬ್ಬಿಬ್ಬರು ತಮ್ಮ ತಮ್ಮ ಜಾಗಕ್ಕೆ ಹಿಂದೆ ಸರಿದರು. ಎಲ್ಲರ ಮನೆಯಲ್ಲೂ ಒಲೆ ಇದೆ. ನನ್ನ ಮನೆಯ ಒಲೆಯ ಮೇಲೆ ಅರ್ಧ ಬೆಂದ ಪಾತ್ರೆ ಇತ್ತು. ನಾನು ಅಜ್ಜಿಗೆ ಬೇಡ ಎನ್ನಲು ಬಾಯಿ ತೆರೆದೆ.

ಇಸ್ತ್ರಿಯವಳು ಹೋಗಿ ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಬುಸ್ಸೆಂದು ಆವಿ ಬಿಟ್ಟು ಅದು ಸುಮ್ಮನಾಯಿತು. ಹಿಂಡುವ ಯಂತ್ರವನ್ನು ಯಾರೋ ನಿಲ್ಲಿಸಿದರು. ಲಾಂಡ್ರಿಯಲ್ಲಿ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಇದೆ ಎಂದು ನನಗೆ ಅವತ್ತು ಗೊತ್ತಾಯಿತು.

“ಇಸ್ತ್ರಿಯಾದಷ್ಟು ಚಿಕ್ಕ ಹಾಸು ಗಾಡಿಯಲ್ಲಿದೆ,” ಎಂದಳು ಇಸ್ತ್ರಿಯವಳು. “ಮೇಲೆ ಹೋಗ್ಬೇಕು ಅಂದ್ರಲ್ಲ. ನಾವೇ ತಗೊಂಡು ಹೋಗ್ತೀವಿ. ಎಲ್ಲರೂ.”

ಅವತ್ತು ನನ್ನನ್ನು ಮಲಗಿಸಿಕೊಂಡು ಓಡಿದ ಗಾಡಿಯೇ ಅದು. ಒಂದು ಚಕ್ರ ಈಗಲೂ ಕಿರ್ರೆನ್ನುತ್ತದೆ. ಇಳಿಜಾರಿನಲ್ಲಿ ತಳ್ಳುತ್ತ ಹೋದೆವು. ಅಜ್ಜಿ ಏದುಸಿರು ಬಿಡುತ್ತ ಬಂದಳು. ಆಮೇಲಪ್ಪ ಹಿಂದೆ ಹಿಂದೆ ಬಂದರು, “ಆಮೇಲೆ, ಆಮೇಲೆ ಕೂತು ಮಾತಾಡೋಣ” ಅನ್ನುತ್ತ. ಅವರ ಬಾಯಲ್ಲಿ ಆ ಮಾತು ಮೊದಲ ಸಲ ಬೇಡಿಕೊಂಡ ಹಾಗೆ ಕೇಳಿಸಿತು. ಮಗಳು ಗಾಡಿಯ ಅಂಚು ಹಿಡಿದು ನಡೆದಳು. ಅವಳನ್ನು ಕೆಳಗೇ ಬಿಡಬೇಕೆಂದು ನನಗೆ ಹೊಳೆಯಲಿಲ್ಲ. ಕಾವಲಿನವನು ಮಕ್ಕಳನ್ನು ಬಿಡಲ್ಲ ಎನ್ನಲು ಕೈಯೆತ್ತಿದ. ಅಷ್ಟು ಹೆಂಗಸರನ್ನು ನೋಡಿ ಕೈ ಇಳಿಸಿದ.

ವಾರ್ಡಿನ ಮುಂದೆ ದೊಡ್ಡ ಡಾಕ್ಟರಿದ್ದರು. ಪಕ್ಕದಲ್ಲಿ ಹೊರಗಿನಿಂದ ಬಂದ ಅತಿಥಿಗಳು, ಒಬ್ಬ ಹೆಂಗಸು, ಇಬ್ಬರು ಗಂಡಸರು. ಅವರಿಗೆ ಹೊಸ ಕೋಣೆಯ ಬಗ್ಗೆ ವಿವರಿಸುತ್ತಿದ್ದರು. ಗಾಡಿಯ ಕಿರ್ರೆನ್ನುವ ಸದ್ದಿಗೆ ಎಲ್ಲರೂ ತಿರುಗಿದರು.

“ಹಾಸು ತರೋಕೆ ಇಷ್ಟು ಜನ ಯಾಕಮ್ಮ?” ಎಂದರು ದೊಡ್ಡ ಡಾಕ್ಟರು.

“ಹಾಸು ಕೊಡೋಕೆ ಬಂದಿದೀವಿ ಸಾರ್. ಇವಳನ್ನ ಬಿಡೋಕೂ ಬಂದಿದೀವಿ,” ಎಂದಳು ಅಜ್ಜಿ.

ಸಿಸ್ಟರ್ ಹೊರಗೆ ಬಂದರು. “ಸಾರ್, ಇದೇ ಕೂಸಿನ ತಾಯಿ. ನೀವೇ ಹೇಳಿದ್ರಲ್ಲ, ಎದೆಗೆ ಹಾಕ್ಬೇಕು ಅಂತ.”

“ಹೌದು. ಅದರಲ್ಲಿ ಎರಡು ಮಾತಿಲ್ಲ. ಮಗುವಿಗೆ ಬೇಕೇ ಬೇಕು.” ಅವರ ದನಿಯಲ್ಲಿ ನಿಜವಾಗಿ ಕಾಳಜಿ ಇತ್ತು. “ಆದ್ರೆ ಇವರು ನಮ್ಮ ಸಿಬ್ಬಂದಿ ಅಲ್ವಲ್ಲ. ಕೆಲಸದಿಂದ ಬಿಡೋದು ಕಂಟ್ರಾಕ್ಟರಿಗೆ ಬಿಟ್ಟಿದ್ದು. ನಾನು ಅವರ ವ್ಯವಹಾರದಲ್ಲಿ ತಲೆ ಹಾಕೋಕಾಗಲ್ಲ.”

“ಕೋಣೆ ಹೊತ್ತು ಆಸ್ಪತ್ರೆಯವರದು ಸಾರ್,” ಎಂದರು ಆಮೇಲಪ್ಪ. “ಸಂಜೆ ತೆಗೆದಿದ್ರೆ ಈ ಗಲಾಟೆನೇ ಇರ್ತಿರ್ಲಿಲ್ಲ.”

“ಸಂಜೆ ತೆರೆಯೋಕೆ ನರ್ಸುಗಳು ಸಾಲಲ್ಲ.”

“ನಮಗೂ ಆಳು ಸಾಲಲ್ಲ ಸಾರ್.”

ಅತಿಥಿ ಹೆಂಗಸು ನನ್ನನ್ನೇ ನೋಡುತ್ತಿದ್ದರು. “ಬಾಗಿಲಲ್ಲಿ ಬೋರ್ಡ್ ಇದೆಯಲ್ಲ, ಅದರಲ್ಲಿರೋದು ಇವರೇ ಅಲ್ವಾ?”

ದೊಡ್ಡ ಡಾಕ್ಟರು ಕೆಮ್ಮಿದರು. “ಹೌದು. ಫೋಟೋಗೆ ಸಹಕಾರ ಕೊಟ್ಟಿದ್ರು.”

ಒಳಗೆ ಯಂತ್ರವೊಂದು ಕೂಗತೊಡಗಿತು. ಯಾರ ಯಂತ್ರ ಎಂದು ನೋಡಬೇಕಾಗಿರಲಿಲ್ಲ. ನನ್ನ ಎದೆಗೆ ಗೊತ್ತಾಯಿತು. ಹಾಲು ಉಕ್ಕಿ ಅಂಗಿ ಎರಡೂ ಕಡೆ ನೆನೆಯಿತು. ಗಂಡಸರು ಕಣ್ಣು ಬೇರೆ ಕಡೆ ತಿರುಗಿಸಿದರು. ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಸಿಸ್ಟರ್ ಒಳಗೆ ಓಡಿ ಅಂಗಾಲು ತಟ್ಟಿದರು. ಕೂಗು ನಿಂತಿತು. ಹೊರಬಂದು ಗೋಡೆಯ ಮೊಳೆಯಿಂದ ಹೊಸ ಕೋಣೆಯ ಬೀಗದ ಕೈ ತೆಗೆದರು. ಆದರೆ ಬಾಗಿಲ ಕಡೆ ಹೋಗಲಿಲ್ಲ. ಕೈಯಲ್ಲಿ ಹಿಡಿದು ದೊಡ್ಡ ಡಾಕ್ಟರ ಮುಖ ನೋಡಿದರು. ದೊಡ್ಡ ಡಾಕ್ಟರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡಿದರು.

ಆಗ ನನ್ನ ಕೈಯಲ್ಲಿ ಮಗಳ ಕೈ ಇಲ್ಲವೆಂದು ಗೊತ್ತಾಯಿತು.

ಅವಳು ಗಾಜಿನ ಹತ್ತಿರ ಹೋಗಿ ನಿಂತಿದ್ದಳು. ಕಿಟಕಿಯ ಅಂಚಿಗೆ ಗಲ್ಲ ತಾಗುವಷ್ಟು ಎತ್ತರ ಅವಳು. ಒಂದು ಕಡೆ ಜಡೆ, ಒಂದು ಕಡೆ ಬಿಟ್ಟ ಕೂದಲು. ಉಸಿರಿಗೆ ಗಾಜು ಮಂಜಾಗುತ್ತಿತ್ತು. ಅಂಗೈಯಿಂದ ಒರೆಸಿ ಮತ್ತೆ ನೋಡುತ್ತಿದ್ದಳು. ತಮ್ಮನನ್ನು ಅವಳು ನಿಜವಾಗಿ ನೋಡುತ್ತಿದ್ದದ್ದು ಅದೇ ಮೊದಲು.

ನಾನು ಅವಳ ಹಿಂದೆ ಹೋಗಿ ನಿಂತೆ. ಅವಳು ನೋಡುತ್ತಿದ್ದದ್ದು ನನಗೂ ಕಾಣಿಸಿತು. ಟೋಪಿಯ ಮೇಲೆ ನೀಲಿ ಮುದ್ರೆ. ಹಾಸಿನ ಮೂಲೆಯಲ್ಲಿ ನೀಲಿ ಮುದ್ರೆ. ಹೊದಿಕೆಯ ಮೇಲೆ ಮುದ್ರೆ. ಅವನ ಕೆನ್ನೆಯ ಪಕ್ಕದಲ್ಲಿ ಹಸಿರು ಎಲೆಯ ಬಿಳಿ ತುಂಡು. ನಮ್ಮ ಮನೆಯದು. ಅವಳು ತುದಿ ಹಿಡಿದು ಮಲಗುತ್ತಿದ್ದದ್ದು. ಅದರ ಮೂಲೆಯಲ್ಲೂ ಗುಂಡಗೆ, ಹೊಸದಾಗಿ, ಹೊಳೆಯುವ ನೀಲಿ.

ಅವಳ ತುಟಿ ಅಲುಗಿತು. ಇದು ಇವರದು, ಇದು ಇವರದು ಎಂದು ಎಣಿಸುವಾಗ ಅಲುಗುವ ಹಾಗೆ. ಆ ತುಂಡಿನ ಹತ್ತಿರ ಬಂದು ತುಟಿ ನಿಂತಿತು.

“ಅಮ್ಮಾ.”

“ಏನೇ?”

ಏನಿಲ್ಲ ಎನ್ನುತ್ತಾಳೆ ಎಂದು ಕಾದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ದೊಡ್ಡ ಡಾಕ್ಟರ ಕಡೆಗೆ, ಮೇಸ್ತ್ರಿಯ ಕಡೆಗೆ, ಬೀಗದ ಕೈ ಹಿಡಿದು ನಿಂತ ಸಿಸ್ಟರ ಕಡೆಗೆ ತಿರುಗಿದಳು. ಮುಂದಿನ ಹಲ್ಲಿಲ್ಲದ ಬಾಯಿಂದ, ಇಡೀ ವರಾಂಡಕ್ಕೆ ಕೇಳುವ ಹಾಗೆ ಕೇಳಿದಳು:

“ಬೊಗಸೆ ಯಾರವನು? ನಮ್ಮವನಾ, ನಿಮ್ಮವನಾ?”